ಪಿಡಿಎಫ್ ಇದ್ರೆ ಕಳ್ಸಿ

ನೆದರ್‌ಲೆಂಡ್ಸಿನ ಐಂಡ್‌ಹೋವನ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನ ಡಚ್ ಹುಡುಗಿ ತಾನು ಓದುತ್ತಿದ್ದ ಇ-ಪುಸ್ತಕವನ್ನು ತುಂಬಾ ಹೊಗಳಿದಳು. ‘ನನಗೂ ಫೈಲ್ ಕಳಿಸು’ ಅಂದೆ, ಸುಮ್ನೆ, ಊರಲ್ಲಿ ಕೇಳುವ ಹಾಗೆ. ಕಳಿಸಲ್ಲ ಅಂದುಬಿಟ್ಟಳು. ಸ್ವಲ್ಪ ಚುರುಕ್ಕೆಂದಿತು. ಮೊದಲ ಪುಟ ತೆಗೆದು ತೋರಿಸಿದಳು. ಅವಳ ಹೆಸರು, ಆರ್ಡರ್ ನಂಬರು ಅಲ್ಲೇ ಇದ್ದವು. ಇಲ್ಲಿ ಇ-ಪುಸ್ತಕಕ್ಕೆ ನಕಲಾಗದಂತೆ ಬೀಗ ಹಾಕುವ ಬದಲು ಹೀಗೆ ಕೊಂಡವರ ಗುರುತು ಒತ್ತಿ ಕೊಡುವುದುಂಟು. ಸಂಜೆ ಹೊರಡುವಾಗ ತನ್ನ ಇ-ರೀಡರನ್ನೇ ನನ್ನ ಕೈಗಿಟ್ಟಳು. ‘ಓದಿ ವಾಪಸ್ ಕೊಡು, ಅಲ್ಲಿಯವರೆಗೆ ನಾನು ಬೇರೆ ಏನಾದರೂ ಓದ್ತೀನಿ.’

ಎರವಲು ಅಂದರೆ ಇದು. ಕೊಟ್ಟವರ ಕೈ ಖಾಲಿಯಾಗಬೇಕು. ನಮ್ಮಲ್ಲೂ ಹಾಗೇ ಇತ್ತಲ್ವಾ? ಪಕ್ಕದ ಮನೆಗೆ ಹೋದ ಕಾದಂಬರಿ ಬರುವವರೆಗೆ ಅಮ್ಮನಿಗೆ ಸಮಾಧಾನ ಇರುತ್ತಿರಲಿಲ್ಲ. ರಟ್ಟು ಕಿತ್ತು ಬಂದರಂತೂ ಆ ಮನೆಯವರ ಜೊತೆ ಮಾತೇ ಇಲ್ಲ.

ಈಗ ಊರಲ್ಲಿ ನಮ್ಮಣ್ಣ ಮಾಡುವುದೇ ಬೇರೆ. ಒಂದು ಕನ್ನಡ ಇ-ಪುಸ್ತಕ ಕೊಂಡು, ಪುಟಪುಟವೂ ಸ್ಕ್ರೀನ್‌ಶಾಟ್ ತೆಗೆದು, ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಪ್ರತಿ ಪುಟದ ತಲೆಯ ಮೇಲೂ ಅವನ ಫೋನಿನ ಬ್ಯಾಟರಿ. 70ನೇ ಪುಟದ ಹೊತ್ತಿಗೆ ಚಾರ್ಜ್ ಇಳಿದು ಕೆಂಪಾಗಿರುತ್ತದೆ. ಕೆಳಗೆ ಕೈಮುಗಿಯುವ ಎಮೋಜಿಗಳ ಸಾಲು. ‘ದುಡ್ಡು ಕೊಟ್ಟು ತಗೊಂಡಿದ್ದೀನಿ ಕಣೋ, ಕದ್ದಿಲ್ಲ’ ಅಂತಾನೆ. ಕೊಂಡದ್ದು ಒಂದು ಪ್ರತಿ, ಹಂಚಿದ್ದು ಗ್ರೂಪಿನ ಇನ್ನೂರು ಜನಕ್ಕೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಇದನ್ನು ಒಪ್ಪುವುದಿಲ್ಲ. ಸಾವಿರ ಪ್ರತಿ ಖರ್ಚಾದರೆ ಸಂಭ್ರಮಿಸುವ ಕನ್ನಡದ ಲೇಖಕರಿಗೆ ಇನ್ನೂರು ಅಂದರೆ ಕಡಿಮೆಯಾ?

ಹಾಗಂತ ಇಲ್ಲಿನದೆಲ್ಲ ಸರಿ ಅಂತಲ್ಲ. ಏಪ್ರಿಲ್ 27, ಇಲ್ಲಿನ ರಾಜನ ಹುಟ್ಟುಹಬ್ಬ. ಅವತ್ತು ಮಕ್ಕಳು ಬೀದಿಯಲ್ಲಿ ಬಟ್ಟೆ ಹಾಸಿ ಹಳೇ ಪುಸ್ತಕ ಮಾರುತ್ತಾರೆ. ಪ್ರಕಾಶಕರ ಅಪ್ಪಣೆ ಏನೂ ಬೇಡ. ಓದಿ ಮುಗಿಸಿದ ಇ-ಪುಸ್ತಕವನ್ನು ಮಾತ್ರ ಹಾಗೆ ಮಾರುವಂತಿಲ್ಲ. ಟಾಮ್ ಕ್ಯಾಬಿನೆಟ್ ಅನ್ನುವ ಇಲ್ಲಿನದೇ ಕಂಪನಿ ಆ ವ್ಯಾಪಾರಕ್ಕೆ ಇಳಿದಾಗ ಪ್ರಕಾಶಕರು ಕೋರ್ಟಿಗೆ ಹೋದರು. ಹಕ್ಕುದಾರರ ಒಪ್ಪಿಗೆ ಇಲ್ಲದೆ ಆಗಲ್ಲ ಅಂತ 2019ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ದುಡ್ಡು ಕೊಟ್ಟವರಿಗೆ ಇದು ಅನ್ಯಾಯವೇ.

ಅಣ್ಣನ ಕಡೆಯೂ ಒಂದು ಮಾತಿದೆ, ಒಪ್ಪಲೇಬೇಕು. ಮತ್ತೆ ಅಚ್ಚೇ ಆಗದ ಎಷ್ಟೋ ಕನ್ನಡ ಪುಸ್ತಕಗಳು ಇ-ಪುಸ್ತಕವಾಗಿಯೂ ಬಂದಿಲ್ಲ. ದುಡ್ಡು ಹಿಡಿದು ನಿಂತರೂ ಕೊಡುವವರಿಲ್ಲ. ಅಂಥದ್ದರ ಸ್ಕ್ಯಾನ್ ಗ್ರೂಪಿಗೆ ಬಂದರೆ ನನಗೂ ಬೈಯಲು ಬಾಯಿ ಬರುವುದಿಲ್ಲ. ಆದರೆ ಮೊನ್ನೆ ಅವನು ಹಾಕಿದ್ದು ಹೋದ ತಿಂಗಳು ಬಿಡುಗಡೆಯಾದ ಕಾದಂಬರಿ.