ನಾಲ್ಕಡಿ ಬಾಲ್ಕನೀಲಿ ನಿರ್ವಾಣ

ಬೆಂಗಳೂರಲ್ಲಿ ಈಗ ಶಾಂತಿಗೂ ಕಾರ್ಪೆಟ್ ಏರಿಯಾ ಲೆಕ್ಕ ಬಂದಿದೆ ಕಣ್ರೀ. ಮೊದ್ಲೆಲ್ಲ ಬಿಲ್ಡರ್ ಬ್ರೋಶರಲ್ಲಿ ಜಿಮ್ಮು, ಸ್ವಿಮ್ಮಿಂಗ್ ಪೂಲು ಇದ್ರೆ ಸಾಕಿತ್ತು, ಈಗ 'ಝೆನ್ ಗಾರ್ಡನ್' ಅಂತ ಒಂದು ಲೈನ್ ಇಲ್ದಿದ್ರೆ ಫ್ಲ್ಯಾಟೇ ಸೇಲ್ ಆಗಲ್ಲ. ಅಷ್ಟು ದುಡ್ಡಿಲ್ಲದವರು ವಾಷಿಂಗ್ ಮೆಷಿನ್ನ ಬಾತ್‌ರೂಮಿಗೆ ತಳ್ಳಿ ನಾಲ್ಕಡಿ ಬಾಲ್ಕನೀಲೇ ಧ್ಯಾನಕ್ಕೊಂದು ತೋಟ ಮಾಡ್ಕೊಳ್ತಾರೆ. ಎಲ್ಲರ ಮನೇಲೂ ಅದೇ ಐಟಂಗಳು: ಕೆಳಗೆ ಪ್ಲಾಸ್ಟಿಕ್ ಹುಲ್ಲು, ಮೂಲೇಲಿ ಲಕ್ಕಿ ಬ್ಯಾಂಬೂ (ಅದು ಬಿದಿರಿನ ಜಾತೀನೇ ಅಲ್ಲ, ಇರ್ಲಿ ಬಿಡಿ), ಪ್ಲಗ್ ಹಾಕಿದ್ರೆ ಚಿಮ್ಮೋ ಕಾರಂಜಿ, ಆಮೇಲೆ ಬುದ್ಧನ ತಲೆ. ಬರೀ ತಲೆ. ಪದ್ಮಾಸನ ಹಾಕಿ ಕೂತು ಜ್ಞಾನೋದಯ ಪಡೆದವನಿಗೆ ಈ ಊರಲ್ಲಿ ಕಾಲು ಮಡಚೋಕೂ ಜಾಗ ಸಿಗಲ್ಲ, ಸ್ಕ್ವೇರ್ ಫೀಟ್ ರೇಟ್ ಹಂಗಿದೆ.

ಈ ಝೆನ್ ಗಾರ್ಡನ್ ಅನ್ನೋದು ಜಪಾನಿಂದ ಬಂದಿದ್ದಲ್ವಾ, ಅಲ್ಲಿ ಕ್ಯೋಟೋದಲ್ಲಿ ರ್ಯೋವಾನ್‌ಜಿ ಅಂತ ಒಂದು ದೇವಸ್ಥಾನ ಇದೆ, ಅದರ ತೋಟದಲ್ಲಿ ಏನಿದೆ ಅಂದ್ರೆ 15 ಕಲ್ಲು, ಅದರ ಸುತ್ತ ಪಾಚಿ, ಮಿಕ್ಕಿದ್ದೆಲ್ಲ ಬಿಳಿ ಜಲ್ಲಿ. ಕಾರಂಜಿಗೀರಂಜಿ ಏನೂ ಇಲ್ಲ, ಜಲ್ಲಿ ಮೇಲೆ ಕುಂಟೇಲಿ ಗೆರೆ ಎಳೀತಾರೆ, ಅದನ್ನೇ ಅಲೆ ಅಂದ್ಕೊಂಡು ನೋಡ್ತಾ ಕೂರೋದು. ನೀರಿಲ್ಲದ ಊರಿಗೆ ಇದಕ್ಕಿಂತ ಒಳ್ಳೇ ಐಡಿಯಾ ಇದ್ಯಾ ಹೇಳಿ? ಜಲ್ಲಿ, ಎಂ-ಸ್ಯಾಂಡ್ ಅಂತೂ ನಮ್ಮಲ್ಲಿ ಯಾವ ಕ್ರಾಸಿಗೆ ಹೋದ್ರೂ ರೋಡ್ ಮಧ್ಯಾನೇ ಸುರಿದಿರುತ್ತೆ, ಒಂದು ಕುಂಟೆ ಹಿಡ್ಕೊಂಡು ಹೋಗಿ ಕೂತ್ರೆ ಆಯ್ತು. ಇಲ್ಲ, ನಮಗೆ ಜುಳುಜುಳು ಸೌಂಡೇ ಬೇಕು.

ಆ ಜುಳುಜುಳು ಎಲ್ಲಿಂದ ಬರುತ್ತೆ ಗೊತ್ತಲ್ಲ? ತೊರೆಕಾಡನಹಳ್ಳೀಲಿ ಹೊರಟು, ಹಾರೋಹಳ್ಳಿ, ತಾತಗುಣಿ ಅಂತ ಪಂಪ್ ಮೇಲೆ ಪಂಪ್ ಹತ್ತಿ, ಸುಮಾರು 100 ಕಿಲೋಮೀಟರ್ ದೂರದಿಂದ ಹತ್ರಹತ್ರ 500 ಮೀಟರ್ ಮೇಲಕ್ಕೆ ಏರಿ ಬರ್ತಾಳೆ ಕಾವೇರಮ್ಮ, ಬಂದು ಒಂಬತ್ತನೇ ಫ್ಲೋರಲ್ಲಿ ಯಾರದೋ ಸ್ಟ್ರೆಸ್ ಕಮ್ಮಿ ಮಾಡೋಕೆ ಸಿಮೆಂಟ್ ಬಟ್ಟಲಲ್ಲಿ ರೌಂಡ್ ಹೊಡೀತಾಳೆ. 2024ರ ಮಾರ್ಚಲ್ಲಿ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟಾಗ ಜಲಮಂಡಳಿ, ಕುಡಿಯೋ ನೀರನ್ನ ಕೈತೋಟಕ್ಕೂ ಕಾರಂಜಿಗೂ ಬಳಸಂಗಿಲ್ಲ, ಬಳಸಿದ್ರೆ 5000 ರೂಪಾಯಿ ದಂಡ, ಮತ್ತೆ ಮಾಡಿದ್ರೆ ಅದರ ಮೇಲೆ ದಿನಕ್ಕೆ 500 ಅಂತ ಆರ್ಡರ್ ಹೊರಡಿಸಿತ್ತು. ಸರಿ, ಕಾರಂಜಿ ಆಫ್ ಮಾಡಿದ್ರು. ಆಫ್ ಮಾಡಿದ್ಮೇಲೆ ಬಟ್ಟಲಲ್ಲಿ ನೀರು ಸುಮ್ನೆ ನಿಲ್ಲುತ್ತಲ್ವಾ, ನಿಂತ ನೀರಲ್ಲಿ ಸೊಳ್ಳೆ. ಅದೇ ವರ್ಷ ಸೆಪ್ಟೆಂಬರಲ್ಲಿ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಮನೇಲಿ ಸೊಳ್ಳೆ ಮರಿ ಸಿಕ್ರೆ ಸಿಟೀಲಿ 400 ರೂಪಾಯಿ ದಂಡ ಅಂತು. ಅಂದ್ರೆ ಕಾರಂಜಿ ಓಡಿದ್ರೂ ದಂಡ, ನಿಂತ್ರೂ ದಂಡ, ಉಸಿರು ಎಣಿಸೋಕೆ ಕೂತವರು ಕಣ್ಮುಚ್ಚಿ ಯಾವ್ದು ಸಸ್ತಾ ಅಂತ ಎಣಿಸೋ ಹಂಗಾಯ್ತು. ಅದೂ ಈ ಡೆಂಗ್ಯೂ ಸೊಳ್ಳೆ ಜಾಸ್ತಿ ಕಚ್ಚೋದು ಬೆಳಗ್ಗೆ ಮತ್ತೆ ಸಂಜೆ, ಕರೆಕ್ಟಾಗಿ ಧ್ಯಾನದ ಬ್ಯಾಚ್ ಟೈಮಿಗೆ. ಮಧ್ಯಾಹ್ನ ಕೂರೋಣ ಅಂದ್ರೆ ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲು ದೋಸೆ ಕಾವಲಿ ಆಗಿರುತ್ತೆ.

ಇನ್ನು ಸೌಂಡ್ ವಿಷ್ಯ ಹೇಳೋದೇ ಬೇಡ. ಪಕ್ಕದ ಸೈಟಲ್ಲಿ ಬೋರ್ ಕೊರೀತಿರ್ತಾರೆ, ಮೇಲ್ಗಡೆ ಮನೇಲಿ ಟೈಲ್ಸ್ ಕಟಿಂಗು, ಕೆಳಗೆ ಟ್ಯಾಂಕರ್ ರಿವರ್ಸ್ ಹಾರ್ನು, ಹಾಗಾಗಿ ನಮ್ಮ ಸಾಧಕರು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕ್ಕೊಂಡು ಆ್ಯಪಲ್ಲಿ ಹಕ್ಕಿ ಚಿಲಿಪಿಲಿ ಕೇಳ್ತಾರೆ, ಅದೂ ಸಬ್‌ಸ್ಕ್ರಿಪ್ಷನ್ ಕಟ್ಟಿ. ನಿಜವಾದ ಹಕ್ಕಿ ಬಂದ್ರೆ? ಬಾಲ್ಕನಿಗೆ ಪಾರಿವಾಳದ ನೆಟ್ ಹೊಡೆಸಿದ್ದಾರೆ.

ನಮ್ಮೂರುಗಳಲ್ಲಿ ಇದಕ್ಕೆಲ್ಲ ಅಂತಾನೇ ಅರಳಿಕಟ್ಟೆ ಇತ್ತು. ಅರಳಿ ಜೊತೆ ಬೇವು, ಕೆಳಗೆ ನಾಗರಕಲ್ಲು, ಕೂತವರನ್ನ ನೀನ್ಯಾವ ಟವರ್ ಅಂತ ಯಾರೂ ಕೇಳ್ತಿರ್ಲಿಲ್ಲ. ಬೆಂಗಳೂರಲ್ಲೂ ಹಳೇ ಹಳ್ಳಿಗಳಿದ್ದ ಕಡೆ ಅಂಥವು ಇನ್ನೂ ಉಳಿದಿವೆ, ಆಟೋದವ್ರು ಊಟ ಮುಗಿಸಿ ಅಲ್ಲೇ ಒರಗ್ತಾರೆ. ಗೌತಮ ಬುದ್ಧ ಬೋಧಗಯೆಯಲ್ಲಿ ಕೂತಿದ್ದೂ ಅರಳಿ ಮರದ ಕೆಳಗೇನೇ, ಅವನಿಗೆ ಮೇಂಟೆನೆನ್ಸ್ ಚಾರ್ಜೂ ಇರ್ಲಿಲ್ಲ.

ಆದ್ರೆ ಗೇಟಿನ ಎದುರು ಅಂಥದ್ದೊಂದು ಮರ ಇದ್ರೆ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಿಗೆ ಅದು ಮರ ಅಲ್ಲ, ನ್ಯೂಸೆನ್ಸ್. ಎಲೆ ಉದುರುತ್ತೆ, ಕಾಗೆ ಕಾರ್ ಮೇಲೆ ಗಲೀಜು ಮಾಡುತ್ತೆ, ಕಟ್ಟೆ ಮೇಲೆ 'ಯಾರ್ಯಾರೋ' ಕೂರ್ತಾರೆ, ಬೇರು ಕಾಂಪೌಂಡ್ ಒಳಗೆ ಬಂದು ಮೆಡಿಟೇಶನ್ ಗಾರ್ಡನ್ ಟೈಲ್ಸ್ ಎಬ್ಬಿಸುತ್ತೆ ಅಂತ ನಾಲ್ಕು ಪಾಯಿಂಟ್ ಹಾಕಿ ವೃಕ್ಷಾಧಿಕಾರಿಗೆ ಅರ್ಜಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯೋಕೆ ಪರ್ಮಿಷನ್ ಬೇಕಲ್ಲ, ಅದಕ್ಕೆ ಓಡಾಡೋರು ಯಾರು ಅಂತೀರಾ, ಗಾರ್ಡನ್ ಕಮಿಟಿಯವ್ರೇ. ಪರ್ಮಿಷನ್ ಬಂದು, ಮರ ಹೋಗಿ, ಕಟ್ಟೆ ಇದ್ದ ಜಾಗ ವಿಸಿಟರ್ಸ್ ಪಾರ್ಕಿಂಗ್ ಆದ್ಮೇಲೆ ಕಮಿಟಿ ಗ್ರೂಪಲ್ಲಿ ಮೆಸೇಜ್ ಹಾಕುತ್ತೆ: ಬುದ್ಧನ ತಲೆ ಪಕ್ಕ ಖಾಲಿ ಕಾಣ್ತಿದೆ, ಆನ್‌ಲೈನಲ್ಲಿ ಅರಳಿ ಬೋನ್ಸಾಯ್ ಆಫರಲ್ಲಿದೆ, ತರಿಸೋಣ್ವಾ, ಎಲ್ಲರೂ ಪೋಲ್‌ನಲ್ಲಿ ವೋಟ್ ಮಾಡಿ.