ಅಪ್ಪಟ ಬಟ್ಟೆಯ ಜಾತಕ

ಲಂಡನ್ನಿನ ಕಲಾಶಾಲೆಯಲ್ಲಿ ಯಿಂಕಾ ಶೋನಿಬಾರೆ ಎಂಬ ಹುಡುಗ ಓದುತ್ತಿದ್ದ. 1962ರಲ್ಲಿ ಲಂಡನ್ನಿನಲ್ಲೇ ಹುಟ್ಟಿ, ನೈಜೀರಿಯಾದ ಲಾಗೋಸ್‌ನಲ್ಲಿ ಬೆಳೆದವನು. ಸೋವಿಯತ್ ದೇಶದ ಪೆರೆಸ್ಟ್ರೋಯಿಕಾ, ಅಂದರೆ ಅಲ್ಲಿನ ಸರ್ಕಾರದ ಸುಧಾರಣೆಗಳ ಬಗ್ಗೆ ಏನೋ ಕಲಾಕೃತಿ ಮಾಡುತ್ತಿದ್ದ. ಮೇಷ್ಟ್ರಿಗೆ ಕಸಿವಿಸಿ. ಇದೆಲ್ಲ ನಿನಗೆ ಯಾಕೆ, ಅಪ್ಪಟ ಆಫ್ರಿಕನ್ ಕಲೆ ಮಾಡಬಾರದಾ ಅಂತ ಕೇಳಿದರು.

ಪಿಕಾಸೊ ಆಫ್ರಿಕಾದ ಮುಖವಾಡ ನೋಡಿ ಚಿತ್ರ ಬರೆದಾಗ ಈ ಮೇಷ್ಟ್ರ ಪೈಕಿ ಯಾರೂ ಊರಲ್ಲಿರಲಿಲ್ಲ ಅಂತ ಕಾಣುತ್ತೆ.

ಇರಲಿ, ಶಿಷ್ಯ ವಿಧೇಯ. ಅಪ್ಪಟ ಆಫ್ರಿಕನ್ ಬಟ್ಟೆ ಹುಡುಕಿಕೊಂಡು ಲಂಡನ್ನಿನದೇ ಬ್ರಿಕ್ಸ್‌ಟನ್ ಮಾರ್ಕೆಟ್ಟಿಗೆ ಹೋದ. ಸಿಕ್ಕಿತು, ಕಣ್ಣು ಕುಕ್ಕುವ ಬಣ್ಣದ್ದು. ಜಾತಕ ತೆಗೆಸಿದರೆ ಮೂಲ ಇಂಡೊನೇಷ್ಯಾದ ಬಾಟಿಕ್! ಡಚ್ಚರು ಅದನ್ನು ಯಂತ್ರದಲ್ಲಿ ನಕಲು ಹೊಡೆದು ಅಲ್ಲಿಗೇ ಮಾರಲು ಹೋದರು. ಅಲ್ಲಿನವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಪಶ್ಚಿಮ ಆಫ್ರಿಕಾದವರಿಗೆ ಹಿಡಿಸಿತು. ಅಂದಿನಿಂದ ಅದು ಅಪ್ಪಟ ಆಫ್ರಿಕನ್. ನೆದರ್‌ಲೆಂಡ್ಸಿನ ಹೆಲ್ಮೊಂಡ್ ಊರಿನ ವ್ಲಿಸ್ಕೊ ಕಂಪನಿ ಶುರುವಾದದ್ದು 1846ರಲ್ಲಿ. ಆಫ್ರಿಕಾದ ಅಪ್ಪಟತನ ಇವತ್ತಿಗೂ ಅಲ್ಲಿ ಮೀಟರ್ ಲೆಕ್ಕದಲ್ಲಿ ಅಚ್ಚಾಗುತ್ತದೆ.

ನಾವು ಜಾಸ್ತಿ ನಗುವ ಹಾಗಿಲ್ಲ. ನಮ್ಮಜ್ಜಿ ಸೀರೆಯ ಮಾವಿನಕಾಯಿ ಇದೆಯಲ್ಲ, ಅದಕ್ಕೆ ಸ್ಕಾಟ್‌ಲೆಂಡಿನ ಪೇಸ್ಲಿ ಊರಿನ ಹೆಸರು ಅಂಟಿದೆ. ಚಿಕ್ಕಪೇಟೆಯ ಅಂಗಡಿಯವನೂ ಈಗ "ಪೇಸ್ಲಿ ಡಿಸೈನ್, ಮೇಡಂ" ಅಂತಾನೆ. ಮಾವಿನಕಾಯಿ ಅಂದರೆ ರೇಟು ಬರಲ್ಲ, ಅಲ್ವಾ?

ಶೋನಿಬಾರೆ ಈ ಬಟ್ಟೆಯಲ್ಲೇ ವಿಕ್ಟೋರಿಯಾ ಕಾಲದ ಕೋಟು ಹೊಲಿಸಿ ಬೊಂಬೆಗಳಿಗೆ ತೊಡಿಸಿದರು. 2003ರ ಒಂದು ಕೃತಿಯಲ್ಲಿ 14 ಬೊಂಬೆಗಳು ಆಫ್ರಿಕಾದ ನಕ್ಷೆ ಇರುವ ಮೇಜಿನ ಸುತ್ತ ಕೂತಿವೆ. 1884-85ರಲ್ಲಿ ಬರ್ಲಿನ್ನಿನಲ್ಲಿ ಯುರೋಪಿನ ದೊಡ್ಡವರು ಆಫ್ರಿಕಾವನ್ನು ಪಾಲು ಹಾಕಿಕೊಂಡ ಸಭೆ ಅದು. ಆಫ್ರಿಕಾದ ಒಬ್ಬರಿಗೂ ಕುರ್ಚಿ ಇರಲಿಲ್ಲ. ಬೊಂಬೆಗಳೆಲ್ಲ ಕೈ ಆಡಿಸುತ್ತಿವೆ, ಒಂದಕ್ಕೂ ತಲೆಯಿಲ್ಲ.

ಬ್ರಿಟಿಷ್ ಸರ್ಕಾರಕ್ಕೆ ಕೋಪ ಬಂತೇ? ಛೆ! ಮರುವರ್ಷವೇ ಪದವಿ ಕೊಟ್ಟಿತು, 'ಮೆಂಬರ್ ಆಫ್ ದಿ ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್'. ಸಾಮ್ರಾಜ್ಯ ಮುಚ್ಚಿ ಎಷ್ಟೋ ಕಾಲವಾಯಿತು, ಮೆಂಬರ್‌ಶಿಪ್ ಮಾತ್ರ ಚಾಲ್ತಿಯಲ್ಲಿದೆ. ಇವರೂ ಬೇಡ ಅನ್ನಲಿಲ್ಲ. ಎಂಬಿಇ ಅಂತ ಹೆಸರಿನ ಬಾಲಕ್ಕೇ ಕಟ್ಟಿಕೊಂಡರು. 2010ರಲ್ಲಿ ಬ್ರಿಟಿಷ್ ನೌಕಾಪಡೆಯ ವೀರ ನೆಲ್ಸನ್ನನ ಹಡಗಿನ ಮಾದರಿಯನ್ನೇ ಸೀಸೆಗೆ ತುಂಬಿ, 37 ಹಾಯಿಗಳಿಗೂ ಅದೇ ಥರದ ಬಟ್ಟೆ ಕಟ್ಟಿ ಟ್ರಫಾಲ್ಗರ್ ಚೌಕದಲ್ಲಿಟ್ಟರು. ಜನ ಚಂದಾ ಎತ್ತಿ ಅದನ್ನು ಗ್ರೀನಿಚ್‌ನಲ್ಲಿ ಉಳಿಸಿಕೊಂಡರು.

2019ರಲ್ಲಿ ಬಡ್ತಿಯೂ ಸಿಕ್ಕಿತು. ಈಗ ಅದೇ ಸಾಮ್ರಾಜ್ಯದ ಕಮಾಂಡರ್. ಸೈನ್ಯ ಎಲ್ಲಿ ಅಂತ ಕೇಳಬೇಡಿ. ಮೇಜಿನ ಸುತ್ತ 14 ಜನ ಆಗಲೇ ಕೂತಿದ್ದಾರೆ.