ಚಂದಾ ಪಟ್ಟಿಯ ಒಂದು ಪ್ರತಿ ನಮ್ಮ ಕೈಯಲ್ಲೂ ಇರಲಿ

ತಾಣವೊಂದು ತನ್ನ ಹೊಸ ಬರಹಗಳನ್ನು ತಂತ್ರಾಂಶಗಳು ಓದಬಲ್ಲಂತೆ ಒದಗಿಸುವ ಪಟ್ಟಿಯೇ ಫೀಡ್; ನಾವು ಆರಿಸಿಕೊಂಡ ತಾಣಗಳ ಫೀಡುಗಳನ್ನು ಒಂದೆಡೆ ತಂದು ತೋರಿಸುವುದು ಫೀಡ್ ರೀಡರ್. ಅದರಲ್ಲಿ ಸುದ್ದಿ, ಬ್ಲಾಗು, ಅಂಕಣಗಳನ್ನು ಓದುವ ಅಭ್ಯಾಸ ಇಟ್ಟುಕೊಂಡಿರುವವರು ಇಂದಿಗೂ ಇದ್ದಾರೆ, ನಾನೂ ಅವರಲ್ಲೊಬ್ಬ. ಯಾರನ್ನು ಓದಬೇಕು, ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನು ಅಲ್ಲಿ ನಾವೇ ತೀರ್ಮಾನಿಸುತ್ತೇವೆ. ವರ್ಷಗಟ್ಟಲೆ ಒಂದೊಂದಾಗಿ ಸೇರಿಸಿ, ಬೇಡವಾದದ್ದನ್ನು ತೆಗೆದು, ಫೋಲ್ಡರುಗಳಲ್ಲಿ ಜೋಡಿಸಿಕೊಂಡ ಆ ಫೀಡುಗಳ ಪಟ್ಟಿಯ, ಅಂದರೆ ಚಂದಾ ಪಟ್ಟಿಯ ಹಿಂದೆ ನಮ್ಮ ಅಭಿರುಚಿಯೂ ದುಡಿಮೆಯೂ ಇರುತ್ತದೆ. ಅಂಥ ಪಟ್ಟಿಯ ಏಕೈಕ ಪ್ರತಿ ಯಾವುದೋ ಕಂಪನಿಯ ಸರ್ವರಿನಲ್ಲಿದ್ದು ನಮ್ಮ ಬಳಿ ಏನೂ ಇಲ್ಲದಿರುವುದು ಸರಿಯಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ.

ಇದು ಸುಮ್ಮನೆ ಹುಟ್ಟಿದ ಆತಂಕವಲ್ಲ. 2005ರ ಅಕ್ಟೋಬರಿನಲ್ಲಿ ಆರಂಭವಾಗಿ ಜಗತ್ತಿನಾದ್ಯಂತ ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರನ್ನು ನಿಲ್ಲಿಸುವುದಾಗಿ ಆ ಕಂಪನಿ 2013ರ ಮಾರ್ಚ್ 13ರಂದು ಪ್ರಕಟಿಸಿತು. ಜುಲೈ 1ಕ್ಕೆ ಸೇವೆ ನಿಂತಿತು. ಬಳಕೆದಾರರು ತಮ್ಮ ಮಾಹಿತಿಯನ್ನು ಟೇಕ್‌ಔಟ್ ಎಂಬ ಗೂಗಲ್‌ನದೇ ಸೌಲಭ್ಯದ ಮೂಲಕ ಇಳಿಸಿಕೊಳ್ಳಲು ಜುಲೈ 15ರವರೆಗೆ ಅವಕಾಶವಿತ್ತು, ಅಷ್ಟೇ. ಅದೇ ವರ್ಷ ಆರಂಭವಾದ ಡಿಗ್ ರೀಡರ್ 2018ರ ಮಾರ್ಚಿನಲ್ಲಿ ಮುಚ್ಚಿತು. 2018ರ ಡಿಸೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ ಬ್ರೌಸರಿನ 64ನೇ ಆವೃತ್ತಿ ತನ್ನೊಳಗಿದ್ದ ಫೀಡ್ ಸೌಲಭ್ಯವನ್ನು ತೆಗೆದುಹಾಕಿತಾದರೂ, ಬಳಕೆದಾರರ ಫೀಡುಗಳನ್ನೆಲ್ಲ ಒಂದು ಫೈಲಿಗೆ ಬರೆದು ಡೆಸ್ಕ್‌ಟಾಪಿನಲ್ಲಿ ತಾನಾಗಿಯೇ ಇರಿಸಿತು. ಸೌಲಭ್ಯವೊಂದನ್ನು ಹಿಂತೆಗೆದುಕೊಳ್ಳುವವರು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ ಅದು. ಎಲ್ಲರೂ ಹಾಗೆ ಮಾಡುತ್ತಾರೆಂದು ನಂಬಿ ಕೂರುವಂತಿಲ್ಲ.

ಫೈರ್‌ಫಾಕ್ಸ್ ಬರೆದಿಟ್ಟ ಆ ಫೈಲು ಒಪಿಎಂಎಲ್ ಮಾದರಿಯದು. ಅಮೆರಿಕದ ತಂತ್ರಾಂಶ ತಜ್ಞ ಡೇವ್ ವೈನರ್ ಅವರ ಯೂಸರ್‌ಲ್ಯಾಂಡ್ ಸಂಸ್ಥೆಯಲ್ಲಿ, ವಿಷಯಗಳನ್ನು ಶಾಖೆ ಉಪಶಾಖೆಗಳಾಗಿ ಬರೆದುಕೊಳ್ಳುವ ತಂತ್ರಾಂಶಕ್ಕಾಗಿ ರೂಪುಗೊಂಡ ಈ ಮಾದರಿ, ಮುಂದೆ ಒಂದು ರೀಡರಿನಿಂದ ಇನ್ನೊಂದಕ್ಕೆ ಚಂದಾ ಪಟ್ಟಿಯನ್ನು ಸಾಗಿಸುವ ಸಾಮಾನ್ಯ ಭಾಷೆಯೇ ಆಯಿತು. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಒಂದೊಂದು ಫೀಡಿಗೆ ಒಂದೊಂದು ನಮೂದು, ಅದರಲ್ಲಿ ತಾಣದ ಹೆಸರು, ಫೀಡಿನ ವಿಳಾಸ, ಹೆಚ್ಚಿನ ಸಲ ತಾಣದ ವಿಳಾಸವೂ ಇರುತ್ತದೆ. ಫೋಲ್ಡರಿನ ಹೆಸರು ಒಂದು ಹೊರ ಆವರಣವಾಗಿ ಬಂದು ಅದರೊಳಗೆ ಈ ನಮೂದುಗಳು ಕುಳಿತಿರುತ್ತವೆ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿದಿಡುವ ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ಉಳಿಸಿದ್ದರೆ ಕನ್ನಡದ ಹೆಸರುಗಳು ಕನ್ನಡದಲ್ಲೇ ಸ್ಪಷ್ಟವಾಗಿ ಕಾಣುತ್ತವೆ. ನೂರಾರು ಚಂದಾಗಳಿದ್ದರೂ ಫೈಲಿನ ಗಾತ್ರ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಚಿಕ್ಕದು.

ಅದು ವಿಳಾಸದ ಪುಸ್ತಕವಿದ್ದಂತೆ. ಬಂದ ಪತ್ರಗಳು ಅದರಲ್ಲಿ ಇರುವುದಿಲ್ಲ. ಯಾವುದನ್ನು ಓದಿದ್ದೀರಿ, ಯಾವುದಕ್ಕೆ ನಕ್ಷತ್ರ ಹಾಕಿ ಉಳಿಸಿಕೊಂಡಿದ್ದೀರಿ ಎಂಬುದನ್ನು ಸಾಮಾನ್ಯವಾಗಿ ಒಪಿಎಂಎಲ್ ಹೊತ್ತು ತರುವುದಿಲ್ಲ. ಗೂಗಲ್ ರೀಡರಿನ ಟೇಕ್‌ಔಟಿನಲ್ಲಿಯೂ ಚಂದಾ ಪಟ್ಟಿ ಒಂದು ಫೈಲಾದರೆ, ನಕ್ಷತ್ರ ಹಾಕಿದ ಬರಹಗಳು ಜೇಸನ್ ಎಂಬ ಇನ್ನೊಂದು ಮಾದರಿಯ ಬೇರೆಯೇ ಫೈಲಿನಲ್ಲಿದ್ದವು. ಫ್ರೆಶ್‌ಆರ್‌ಎಸ್‌ಎಸ್‌ ಎಂಬ ಮುಕ್ತ ತಂತ್ರಾಂಶದ ಫೀಡ್ ರೀಡರಿನಲ್ಲಿ ಮೆಚ್ಚಿನ ಬರಹಗಳನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಬಹುದು, ಅಂದರೆ ಫೈಲಾಗಿ ಹೊರತೆಗೆದುಕೊಳ್ಳಬಹುದು. ಪಾಡ್‌ಕಾಸ್ಟ್ ಕೇಳುವವರಿಗೆ ಪರಿಚಯವಿರುವ ಆಂಟೆನಾಪಾಡ್ ಆ್ಯಪ್ ಕೂಡ ಒಪಿಎಂಎಲ್ ಫೈಲನ್ನು ಒಂದಾಗಿ, ತನ್ನಲ್ಲಿರುವ ಇಡೀ ಮಾಹಿತಿ ಸಂಗ್ರಹವನ್ನು (ಡೇಟಾಬೇಸ್) ಇನ್ನೊಂದಾಗಿ ಕೊಡುತ್ತದೆ. ಎಷ್ಟರವರೆಗೆ ಕೇಳಿದ್ದೀರಿ ಎಂಬುದು ಎರಡನೆಯದರಲ್ಲಿ ಮಾತ್ರ ಉಳಿಯುತ್ತದೆ.

ಬರಹಗಳ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಫೀಡಿನಲ್ಲಿ ಇತ್ತೀಚಿನ ಕೆಲವೇ ಬರಹಗಳಿರುತ್ತವೆ: ವರ್ಡ್‌ಪ್ರೆಸ್ಸಿನಲ್ಲಿ ನಾವಾಗಿ ಬದಲಿಸದಿದ್ದರೆ 10, ಬ್ಲಾಗರಿನಲ್ಲಿ 25. ಹಳೆಯವು ನಮಗೆ ಸಿಗುವುದು ರೀಡರ್ ತನ್ನಲ್ಲಿ ಕೂಡಿಟ್ಟುಕೊಂಡಿದ್ದರಿಂದ. ಗೂಗಲ್ ರೀಡರ್ ಮುಚ್ಚಿದಾಗ, ಮೂಲ ತಾಣವೇ ಅಳಿದುಹೋಗಿದ್ದ ಎಷ್ಟೋ ಬ್ಲಾಗುಗಳ ಬರಹಗಳ ಸಂಗ್ರಹವೂ ಕಣ್ಮರೆಯಾಗುವುದರಲ್ಲಿತ್ತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಅದನ್ನು ಸಾಧ್ಯವಾದಷ್ಟು ಉಳಿಸಲು ಹೆಣಗಿತು. ಕನ್ನಡದಲ್ಲಿ ಉತ್ಸಾಹದಿಂದ ಶುರುವಾಗಿ ನಿಂತುಹೋದ ಬ್ಲಾಗುಗಳು ಕಡಿಮೆಯೇನಿಲ್ಲ. ಸ್ವಂತ ಡೊಮೇನಿನ ಬಾಡಿಗೆ ಕಟ್ಟದೆ ಬಿಟ್ಟರೆ ತಾಣವೇ ಹೋಗುತ್ತದೆ, ಪಟ್ಟಿಯಲ್ಲಿ ವಿಳಾಸವೊಂದೇ ಉಳಿಯುತ್ತದೆ. ಆದ್ದರಿಂದ ಮತ್ತೆ ಓದಬೇಕೆನಿಸಿದ ಬರಹವನ್ನು ನಕ್ಷತ್ರದ ಭರವಸೆಗೆ ಬಿಡದೆ, ಆ ಹೊತ್ತಿಗೇ ಪಿಡಿಎಫ್ ಮಾಡಿ ಇಟ್ಟುಕೊಳ್ಳುವುದು ಒಳಿತು.

ಪಟ್ಟಿಯನ್ನು ತೆಗೆದಿಡುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಡ. ಫೀಡ್ಲಿ, ಇನೋರೀಡರ್, ಥಂಡರ್‌ಬರ್ಡ್, ನೆಟ್‌ನ್ಯೂಸ್‌ವೈರ್ ಎಲ್ಲದರಲ್ಲೂ ಎಕ್ಸ್‌ಪೋರ್ಟ್ ಆಯ್ಕೆಯಿದೆ. ಫೈಲಿನ ಹೆಸರಿನಲ್ಲಿ ದಿನಾಂಕ ಸೇರಿಸಿ, ಹಳೆಯದನ್ನು ಅಳಿಸದೆ, ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲೂ ಇನ್ನೊಂದನ್ನು ಬೇರೆ ಕಡೆಯೂ ಇಡಿ. ಒಮ್ಮೆ ಅದನ್ನು ಬೇರೊಂದು ರೀಡರಿಗೆ ಹಾಕಿ, ಫೋಲ್ಡರುಗಳು ಹಾಗೆಯೇ ಬಂದವೇ, ಫೀಡುಗಳ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡಿ. ಹೀಗೆ ಪರೀಕ್ಷಿಸದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಫೈಲನ್ನು ಗೆಳೆಯರಿಗೂ ಕಳಿಸಬಹುದು. ಕನ್ನಡದಲ್ಲಿ ಏನು ಓದಬೇಕು ಎಂದು ಕೇಳುವ ಹೊಸಬರಿಗೆ ಒಂದು ಫೋಲ್ಡರಿನಷ್ಟು ಫೀಡುಗಳನ್ನು ಕೊಡುವುದು, ಹತ್ತು ಲಿಂಕುಗಳನ್ನು ವಾಟ್ಸ್‌ಆಪಿನಲ್ಲಿ ಬಿಡಿಬಿಡಿಯಾಗಿ ಕಳಿಸುವುದಕ್ಕಿಂತ ಎಷ್ಟೋ ಉಪಯುಕ್ತ. ಆದರೆ ಕಳಿಸುವ ಮೊದಲು ಫೈಲನ್ನು ತೆರೆದು ಓದಿಕೊಳ್ಳಿ. ಹಣ ಕೊಟ್ಟು ಪಡೆದ ಪಾಡ್‌ಕಾಸ್ಟು, ಸುದ್ದಿಪತ್ರಗಳ ಖಾಸಗಿ ಫೀಡುಗಳಲ್ಲಿ ನಿಮ್ಮ ಗುರುತಿನ ಗುಪ್ತ ಅಕ್ಷರಗಳು ವಿಳಾಸದಲ್ಲೇ ಅಡಕವಾಗಿರುತ್ತವೆ. ಆ ನಮೂದುಗಳನ್ನು ತೆಗೆದುಹಾಕಿದ ಪ್ರತಿಯನ್ನಷ್ಟೇ ಹಂಚಿ, ಪೂರ್ಣ ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.